ಸಾಸಿವೆ ಮತ್ತು ನರಿ

ಆಟಿ ತಿಂಗಳಲ್ಲಿ ನಾರಾವಿಯ ಮನೆಯಂಗಳದ ಪಾಚಿಗೆ ಜಾರಿ ಬಿದ್ದೆ. ಮಂಗಳೂರಿನಲ್ಲಿ ಸೊಂಟದ ಕೀಲು ಬದಲಿಸಿದರು. ಆಪರೇಷನ್ನಿಗೆ ಬೆನ್ನಿನ ಇಂಜೆಕ್ಷನ್; ಅದರ ಅಮಲು ಇಳಿದ ಮೇಲಿನ ನೋವಿಗೆಂದು ಅರಿವಳಿಕೆ ಡಾಕ್ಟರು ತೊಡೆಸಂದಿನ ಹತ್ತಿರ ಇನ್ನೊಂದು ಸೂಜಿ ಹಾಕಿದ್ದರು. ಸ್ಕ್ಯಾನಿಂಗ್ ಪರದೆಯಲ್ಲಿ ಮೊನೆ ನೋಡುತ್ತಾ, ಕೀಲಿಗೆ ಹೋಗುವ ಸಣ್ಣ ನರಗಳ ಬಳಿ ಮದ್ದು ಬಿಡುವ ಕ್ರಮ. 'ಪೆಂಗ್ ಬ್ಲಾಕ್' ಎಂದು ಹೆಸರು, 2018ರಲ್ಲಿ ಟೊರಾಂಟೊದ ವೈದ್ಯರು ಮೊದಲು ವಿವರಿಸಿದ್ದು. ತೊಡೆಯ ದೊಡ್ಡ ನರವನ್ನೇ ಮರಗಟ್ಟಿಸಿದರೆ ಕಾಲು ಸೋಲುತ್ತದೆ. ಇದರಲ್ಲಿ ಬಲ ಬಹುಮಟ್ಟಿಗೆ ಉಳಿಯುತ್ತದೆ.

ಸಂಜೆ ಬಂದ ಅಕ್ಕ ನನ್ನ ಮುಖ ನೋಡಿ ಕೇಳಿದಳು: "ನೋವೇ ಇಲ್ವಾ ತಮ್ಮಾ? ಉದಯಕ್ಕೆ ಬಂದ ಅಸಾತಾ ವೇದನೀಯವನ್ನು ಸೂಜಿಯಲ್ಲಿ ತಡೆದರೆ ಆ ಬಾಕಿ ಎಲ್ಲಿ ಹೋಯ್ತು?"

ನೋವು ಉಣಿಸುವ ಹಳೆಯ ಕರ್ಮದ ಮಾತು ಅದು. ಬಸದಿಯ ಜಗಲಿಯಲ್ಲಿ 22 ಪರೀಷಹಗಳನ್ನು, ಎಂದರೆ ಮುನಿಗಳು ಸಹಿಸಬೇಕಾದ ಕಷ್ಟಗಳನ್ನು, ಬೆರಳು ಮಡಚಿ ಕಲಿತವಳು ಅವಳು. ತಮಾಷೆಗೆ ಕೇಳಿದ್ದಲ್ಲ.

ನನಗೆ ನೆನಪಾದದ್ದು ವಡ್ಡಾರಾಧನೆಯ ಸುಕುಮಾರ. ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ ಕಥೆ. ಆಸನದ ಮೇಲೆ ಬಿದ್ದ ಸಾಸಿವೆ ಕಾಳೂ ಚುಚ್ಚುತ್ತಿದ್ದ ಮೈ ಅದು. ಮುನಿಯಾದ ಮೇಲೆ ನರಿಯೊಂದು ಮರಿಗಳ ಸಮೇತ ಮೂರು ರಾತ್ರಿ ಪಾದದಿಂದ ತಿನ್ನುತ್ತಾ ಬಂದರೂ ಅಲುಗಲಿಲ್ಲ. ಆ ನರಿ ಹಿಂದಿನ ಜನ್ಮವೊಂದರಲ್ಲಿ ಅವನು ಒದ್ದ ಅತ್ತಿಗೆ. ಬಾಕಿಯೆಂದರೆ ಅದು, ಹಲ್ಲು ಸಮೇತ ವಸೂಲಿ. ಹೊರಗಿನಿಂದ ನೋಡಿದರೆ ಅವನೂ ನಾನೂ ಒಂದೇ: ಮೈ ಕೊಯ್ದಿದೆ, ಮುಖದಲ್ಲಿ ನರಳಿಕೆಯಿಲ್ಲ. ಆದರೆ ಅವನಿಗೆ ಸುದ್ದಿ ಮುಟ್ಟುತ್ತಿತ್ತು. ನನ್ನ ಕಾಲಿನ ಸುದ್ದಿ ತೊಡೆಸಂದಿನಲ್ಲೇ ನಿಂತಿತ್ತು. ಸಹಿಸಲು ಏನೂ ಇಲ್ಲದವನಿಗೆ ನಿರ್ಜರೆ, ಆ ಕರ್ಮ ಉದುರುವುದು, ಎಲ್ಲಿಂದ ಬರಬೇಕು? ಅಷ್ಟರ ಮಟ್ಟಿಗೆ ಅಕ್ಕ ಹೇಳಿದ್ದು ಸರಿ.

ಆದರೂ ಆ ರಾತ್ರಿ ನಾನು ಣಮೋಕಾರ ಮಂತ್ರ ಹೇಳುತ್ತಾ ಮಲಗಿದೆ, ಒಂದೊಂದೇ ಪದ, ಅವಸರವಿಲ್ಲದೆ. ಮರುದಿನ ಬೆಳಿಗ್ಗೆ ವಾಕರ್ ಹಿಡಿದು ನಿಂತೆ. ಎರಡನೆಯ ರಾತ್ರಿ ಮದ್ದು ಇಳಿಯಿತು. ಸುಕುಮಾರನ ಹಾಗೆ ಸಹಿಸಿ ನೋಡೋಣವೆಂದು ಹಲ್ಲು ಕಚ್ಚಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಮಂತ್ರ ಮರೆತೇಹೋಯಿತು. ಕಾಲು, ಕಾಲು, ಕಾಲು. ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದವನ ಮೇಲೂ ಸಿಟ್ಟು. ನೋವನ್ನೇ ಮೆಲುಕು ಹಾಕುವ ಈ ಸ್ಥಿತಿಗೆ ನಮ್ಮವರು ಆರ್ತಧ್ಯಾನ ಎನ್ನುತ್ತಾರೆ. ಅದು ಹೊಸ ಕರ್ಮವನ್ನೇ ಕಟ್ಟುತ್ತದೆ. ಹಾಗಾದರೆ ನಾನು ಹಳೆ ಸಾಲ ತೀರಿಸುತ್ತಿದ್ದೆನೋ, ಹೊಸದಕ್ಕೆ ರುಜು ಹಾಕುತ್ತಿದ್ದೆನೋ?

ಅಕ್ಕನಿಗೆ ಇಷ್ಟು ಹೇಳಿದೆ. ಒಪ್ಪಲೂ ಇಲ್ಲ, ವಾದಿಸಲೂ ಇಲ್ಲ. ನರ್ಸ್ ಮಾತ್ರೆ ತಂದಾಗ ರಾತ್ರಿ ಹತ್ತು ದಾಟಿತ್ತು. ಹೊತ್ತು ಮುಳುಗಿದ ಮೇಲೆ ತಾನು ಹನಿ ನೀರೂ ಮುಟ್ಟದವಳು ಎದ್ದು, ಫ್ಲಾಸ್ಕಿನಿಂದ ಲೋಟಕ್ಕೆ ಬಿಸಿನೀರು ಬಗ್ಗಿಸಿ, ಊದಿ ಆರಿಸಿ, ನನ್ನ ತಲೆ ಎತ್ತಿ ಹಿಡಿದಳು.