ಒರೆಗೆ ಹಚ್ಚುವ ಮುನ್ನ

ನಮ್ಮ ತೆಲಿಗಿಯ ಕಡೆ ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಾಗ ಮುದುಕಿಯರು ಅವನ ಕೈಯನ್ನೇ ದಿಟ್ಟಿಸುತ್ತಿದ್ದರು. ಬೆಲೆ ತಿಳಿಯಬೇಕು, ನಿಜ. ಆದರೆ ಕಲ್ಲಿಗಂಟಿದ ಹೊಂಬಣ್ಣದ ಗೆರೆ ಮರಳಿ ಒಡವೆಗೆ ಬಾರದು. ನಮ್ಮ ಅಜ್ಜಿ ತನ್ನ ಬುಗುಡಿಯನ್ನು ಕೊನೆಯವರೆಗೂ ಒರೆಗೆ ಕೊಡಲಿಲ್ಲ. "ನಮ್ಮವ್ವ ಕೊಟ್ಟದ್ದು. ಎಷ್ಟು ಚೊಕ್ಕ ಐತಿ ಅಂತ ತಿಳ್ಕೊಂಡು ನನಗೇನಾಗಬೇಕು?" ಎನ್ನುತ್ತಿದ್ದಳು.

ಪ್ರಾಚೀನ ಲೋಹಗಳ ಪರೀಕ್ಷೆಯ ವಿಷಯ ಓದುವಾಗಲೆಲ್ಲ ಅಜ್ಜಿಯ ಈ ಪ್ರಶ್ನೆ ನೆನಪಾಗುತ್ತದೆ. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ, ಆ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಮೂರು ತಾಮ್ರದ ಕತ್ತಿಗಳು ದೊರೆತವು. ಅವುಗಳ ಹಿಡಿಯ ತುದಿ ಕೀಟದ ಮೀಸೆಯಂತೆ ಎರಡಾಗಿ ಕವಲೊಡೆದಿದೆ. ಇಂಥ ಕತ್ತಿಗಳಿಗೆ ಹೆಸರಾದದ್ದು ದೂರದ ಗಂಗಾ ಬಯಲಿನ ಫತೇಗಢ. ಅಷ್ಟು ದೂರದಿಂದ ಬಂದವೇ ಇವು? ಅಥವಾ ಆ ಮಾದರಿಯನ್ನು ಕಂಡಿದ್ದ ಯಾರೋ ಕುಶಲಿ, ಚಿತ್ರದುರ್ಗದ ಬಳಿಯ ಇಂಗಳದಾಳಿನಂತೆ ಹಳೆಯ ಗಣಿಗುಂಡಿಗಳಿರುವ ನೆಲದ ತಾಮ್ರದಿಂದ ಇಲ್ಲಿಯೇ ಎರೆದನೆ? ರೂಪ ಇದಕ್ಕೆ ಉತ್ತರ ಹೇಳದು, ಲೋಹ ಹೇಳೀತು. ತಾಮ್ರದಲ್ಲಿ ಉಳಿದ ಆರ್ಸೆನಿಕ್, ನಿಕ್ಕಲ್, ಬೆಳ್ಳಿಯ ಲೇಶಗಳೂ ಸೀಸದ ಐಸೋಟೋಪುಗಳ ಪ್ರಮಾಣವೂ ಅದಿರಿನ ತವರೂರನ್ನು ಸೂಚಿಸಬಲ್ಲವು.

ಆದರೆ ಲೋಹವನ್ನು ಮಾತಾಡಿಸುವ ಬಗೆ? ಕ್ಷ-ಕಿರಣ ಹಾಯಿಸಿದರೆ ವಸ್ತುವಿಗೆ ನೋವಿಲ್ಲ. ಆ ಕಿರಣ ಕಾಣುವುದಾದರೋ ಬಹುಮಟ್ಟಿಗೆ ಮೇಲಿನ ಕಿಲುಬನ್ನು. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಕಂಚಿನ ಹೊರಪದರದಿಂದ ತಾಮ್ರ ಕರಗಿಹೋಗಿ, ಇದ್ದುದಕ್ಕಿಂತ ಹೆಚ್ಚು ತವರ ತೋರುವುದುಂಟು. ಒಳಗಿನ ಮಾತು ಬೇಕೆಂದರೆ ಸಣ್ಣ ಬೈರಿಗೆ ಹಾಕಲೇಬೇಕು. ಮೊದಲು ಬಂದ ಕಿಲುಬಿನ ಪುಡಿಯನ್ನು ಬಿಟ್ಟು, ಆಮೇಲಿನ ಹೊಳೆಯುವ ಚೂರನ್ನು ಆರಿಸಬೇಕು.

ಗಾಯ ಸಣ್ಣದೆಂದು ಗಾಯವಲ್ಲ ಎನ್ನಲಾದೀತೆ? ಅನುಮತಿ ಕೇಳೋಣವೆಂದರೆ ಹೂತಿಟ್ಟವನಿಲ್ಲ. 1870ರಲ್ಲಿ ಮಧ್ಯಪ್ರದೇಶದ ಗುಂಗೇರಿಯಾದಲ್ಲಿ 424 ತಾಮ್ರದ ವಸ್ತುಗಳೂ 102 ಬೆಳ್ಳಿಯ ತಗಡುಗಳೂ ಒಟ್ಟಿಗೆ ಸಿಕ್ಕಿದವು. ಅಂಥ ರಾಶಿಯಲ್ಲಿ ಒಂದೆರಡಕ್ಕೆ ಬೈರಿಗೆ ಹಾಕಲು ಮನಸ್ಸು ಅಷ್ಟಾಗಿ ಅಳುಕದು. ಕಲ್ಲೂರಿನ ಮೂರಕ್ಕೆ ಅಳುಕುತ್ತದೆ. ಎಣಿಕೆಯ ಮೇಲೆ ಧರ್ಮ ಬದಲಾಗುವುದೆ? ಬದಲಾಗುತ್ತದೆಂದೇ ನನಗೆ ತೋರುತ್ತದೆ, ತರ್ಕಪಟುಗಳು ನಗಲಿ.

ಹಾಗೆಂದು ಅಜ್ಜಿಯ ಪಕ್ಷವನ್ನೇ ಹಿಡಿಯಲಾರೆ. ಬುಗುಡಿಯ ಕಥೆ ಅವಳಿಗೆ ಗೊತ್ತಿತ್ತು; ಒರೆಗಲ್ಲು ಅದಕ್ಕೆ ಹೆಚ್ಚಿನದೇನನ್ನೂ ಸೇರಿಸುತ್ತಿರಲಿಲ್ಲ. ಕತ್ತಿಗಳ ಕಥೆ ಬಲ್ಲ ಅಜ್ಜಿಯರು ಉಳಿದಿಲ್ಲ. ಅವನ್ನು ಅಖಂಡವಾಗಿ, ಮೂಕವಾಗಿ ಇಟ್ಟುಕೊಳ್ಳುವುದು ಗೌರವವೇ ಎಂಬುದು ನನಗೆ ಸಂದೇಹ. ಒಮ್ಮೆ ಮಾತ್ರ, ಕಣ್ಣಿಗೆ ಬೀಳದ ಕಡೆ ಕೊರೆಯಲಿ. ಮಿಕ್ಕ ಪುಡಿಯನ್ನು ನಾಳಿನವರಿಗಾಗಿ ಕಾದಿಡಲಿ.

ಇಷ್ಟಾದರೂ ಉತ್ತರ ದೊರೆಯದೆ ಹೋಗಬಹುದು. ಮುರಿದ ಕೊಡಲಿಯನ್ನು ಕರಗಿಸಿ ಹೊಸದನ್ನು ಎರೆಯುವ ಜಾಣತನ ಅಂದಿನವರಿಗೂ ಇತ್ತು. ಎರಡು ಗಣಿಗಳ ತಾಮ್ರ ಒಂದೇ ಮೂಸೆಯಲ್ಲಿ ಬೆರೆತಿದ್ದರೆ ಅಂಕಿಗಳು ಯಾವ ಊರನ್ನೂ ಹೇಳವು. ಆಗ ಆ ತೂತನ್ನು ಯಾರ ಲೆಕ್ಕಕ್ಕೆ ಬರೆಯೋಣ?