ಕಾಗೆ ದಡ್ಡಿಯೇ?

ಸಂಸ್ಕೃತದಲ್ಲಿ ಕೋಗಿಲೆಗೆ 'ಪರಭೃತ' ಎಂದು ಹೆಸರು. ಬೇರೆಯವರಿಂದ ಸಾಕಿಸಿಕೊಂಡದ್ದು ಎಂದರ್ಥ. ಕಾಗೆಗೆ 'ಪರಭೃತ್', ಬೇರೆಯವರನ್ನು ಸಾಕುವಂಥದು. ನಡುವಿನ ಅಂತರ ಒಂದೇ ಒಂದು ಅಕಾರ. ಆದರೆ ಕವಿಗಳ ಹೊಗಳಿಕೆಯೆಲ್ಲ ಕೋಗಿಲೆಯ ಪಾಲಾಯಿತು. ಹೊತ್ತು ಹೊತ್ತಿಗೆ ತುತ್ತು ತಂದಿಟ್ಟ ಕಾಗೆಗೆ ಸಿಕ್ಕಿದ್ದು ದಡ್ಡಿ ಎಂಬ ಬಿರುದು, ಮತ್ತೆ ಶ್ರಾದ್ಧದ ದಿನ ಒಂದು ಪಿಂಡ.

ನಮ್ಮ ಬಂಧುಗಳಲ್ಲೊಬ್ಬರು ತೀರಿಹೋದ ತಂಗಿಯ ಕೂಸನ್ನು ತಂದು ಸಾಕಿದ್ದಾರೆ. ಒಮ್ಮೆ ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಹಿರಿಯರೊಬ್ಬರು ಅವರೆದುರಿಗೇ, "ಕಾಗೆ ಎಷ್ಟು ಸಾಕಿದರೇನೇ, ಕೋಗಿಲೆ ಮರಿ ಕೊನೆಗೆ ಕೂಗೋದು ಕುಹೂ ಅಂತಲೇ ತಾನೆ?" ಎಂದುಬಿಟ್ಟರು. ಆ ಮಾತು ಇಂದಿಗೂ ನನ್ನನ್ನು ಕೊರೆಯುತ್ತದೆ. ಕೋಗಿಲೆಯ ಮಟ್ಟಿಗೆ ಅದು ನಿಜವೇ. ಅದರ ಕೂಗು ಕಲಿತು ಬಂದದ್ದಲ್ಲ, ಹುಟ್ಟಿನೊಡನೆ ಬಂದದ್ದು. ಆದರೆ ಹಕ್ಕಿಲೋಕವೆಲ್ಲ ಹೀಗೆಯೇ ಎಂದು ಯಾರು ಹೇಳಿದರು?

ಆಸ್ಟ್ರೇಲಿಯದಲ್ಲಿ ಫೇರಿ ರೆನ್ ಎಂಬ ಪುಟ್ಟ ಹಕ್ಕಿಯಿದೆ. ಅದರ ಗೂಡಿನಲ್ಲೂ ಒಂದು ಜಾತಿಯ ಕೋಗಿಲೆ ಕದ್ದು ಮೊಟ್ಟೆ ಇಡುತ್ತದೆ. ಅಡಿಲೇಡಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಡಯಾನ್ ಕೊಲೊಂಬೆಲಿ ನೆಗ್ರೆಲ್, ಸೋನಿಯಾ ಕ್ಲೈನ್‌ಡಾರ್ಫರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಸಂಗತಿ ಓದಿ ನಾನು ಬೆರಗಾದೆ. ಕಾವು ಕೊಡುತ್ತಿರುವ ತಾಯಿ ಮೊಟ್ಟೆಗಳಿಗೆ ಒಂದು ವಿಶೇಷ ಕೂಗನ್ನು ಮತ್ತೆ ಮತ್ತೆ ಕೇಳಿಸುತ್ತಾಳೆ. ನಮ್ಮಲ್ಲಿ ಅಭಿಮನ್ಯುವಿನ ಕಥೆ ಇಲ್ಲವೇ, ಹಾಗೆ! ಮೊಟ್ಟೆಯೊಡೆದ ಮರಿ ತುತ್ತಿಗಾಗಿ ಕೂಗುವಾಗ ಆ ಕೂಗಿನದೇ ಒಂದು ತುಣುಕನ್ನು ಬಳಸುತ್ತದೆ. ಒಬ್ಬೊಬ್ಬ ತಾಯಿಯದೂ ಬೇರೆ ಬೇರೆ ತುಣುಕು. ಅದನ್ನು ಅವಳು ಗಂಡನಿಗೂ ಕಲಿಸಿರುತ್ತಾಳೆ. ಕೋಗಿಲೆಯ ಮೊಟ್ಟೆ ಬೇಗ ಒಡೆಯುವುದರಿಂದ ಅದಕ್ಕೆ ಪಾಠ ಸಾಲದು. ಕೂಗು ಹೊಂದದಿದ್ದರೆ ತಂದೆತಾಯಿ ಗೂಡನ್ನೇ ಬಿಟ್ಟು ಹೋಗುವುದುಂಟು.

ಇಲ್ಲಿಯವರೆಗೆ ಓದಿದಾಗ ಆ ಹಿರಿಯರದೇ ಗೆಲುವು ಅನ್ನಿಸಿತು. ಆದರೆ ಸಂಶೋಧಕರು ಒಂದು ಗೂಡಿನ ಫೇರಿ ರೆನ್ ಮೊಟ್ಟೆಗಳನ್ನು ಇನ್ನೊಂದು ಗೂಡಿಗೆ ಬದಲಾಯಿಸಿಯೂ ನೋಡಿದ್ದರು. ಮರಿಗಳು ಕೂಗಿದ್ದು ಹೆತ್ತವಳ ಕೂಗನ್ನಲ್ಲ, ಕಾವು ಕೊಟ್ಟವಳದನ್ನು. ಅಲ್ಲಿ ಗುರುತು ರಕ್ತದ್ದಲ್ಲ, ಕೇಳಿಸಿದ ಮಾತಿನದು. ನಮ್ಮ ಬಂಧುಗಳ ಮನೆಯ ಹುಡುಗಿಯೂ ಬಾಗಿಲಿನಲ್ಲಿ "ಯಾರದೂ..." ಎಂದು ರಾಗ ಎಳೆಯುವುದು ಥೇಟ್ ಸಾಕಿದಮ್ಮನಂತೆಯೇ.

ಹಾಗಾದರೆ ಪರೀಕ್ಷೆ ಮಾಡಿ ಉಣಿಸುವ ಫೇರಿ ರೆನ್ ಜಾಣೆ, ಕೇಳದೆ ಉಣಿಸುವ ಕಾಗೆ ದಡ್ಡಿಯೇ? ನನಗೆ ಹಾಗನ್ನಿಸುವುದಿಲ್ಲ. ಆಸ್ಟ್ರೇಲಿಯದ ಆ ಕೋಗಿಲೆ ಮರಿ ಗೂಡಿನ ಉಳಿದೆಲ್ಲ ಮರಿ, ಮೊಟ್ಟೆಗಳನ್ನು ಹೊರಕ್ಕೆ ದಬ್ಬಿಬಿಡುತ್ತದೆ. ಅಂಥ ಮನೆಯಲ್ಲಿ ತಾಯಿ ಕಿವಿ ಚುರುಕಾಗಿಟ್ಟುಕೊಳ್ಳದಿದ್ದರೆ ಹೇಗೆ? ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಹಾಗೆ ಮಾಡದು; ಎಷ್ಟೋ ಗೂಡುಗಳಲ್ಲಿ ಕಾಗೆಮರಿಯೂ ಅದೂ ಜೊತೆಗೇ ಬೆಳೆಯುತ್ತವೆ. ಪಾಲು ಕಡಿಮೆಯಾಗುತ್ತದೆ, ನಿಜ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಅದೇನು ಹೊಸದೇ!

ಇನ್ನೊಂದು ಮಾತು. ಬೆಳೆದ ಕೋಗಿಲೆ ಗೂಡಿನ ಹತ್ತಿರ ಸುಳಿದರೆ ಕಾಗೆ ಅಟ್ಟಿಸಿಕೊಂಡು ಹೋಗುತ್ತದೆ. ಅದಕ್ಕೆ ಕೋಗಿಲೆಯ ಗುರುತು ಇಲ್ಲದೆ ಇಲ್ಲ. ಬಾಯಿ ತೆರೆದು ಕುಳಿತ ಮರಿಯನ್ನು ಮಾತ್ರ ಅದು ನೀನು ಯಾರ ಮಗು ಎಂದು ಕೇಳುವುದಿಲ್ಲ.