ಬಯಕೆ, ಬೆನ್ನುಹುರಿ ಮತ್ತು ಹಕ್ಕು

ಕರಾವಳಿ, ಮಲೆನಾಡಿನ ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಗಂಡಸರು ಅಪರೂಪವಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮೂತ್ರದ ಕೊಳವೆ ಬದಲಿಸುವುದು, ಹುಣ್ಣಾಗದಂತೆ ಮಗ್ಗುಲು ತಿರುಗಿಸುವುದು ಇವನ್ನೆಲ್ಲ ಹೇಳಿಕೊಡುತ್ತಾರೆ. ಹೆಂಡತಿಯನ್ನು ಕೂಡಬಹುದೇ, ಮಕ್ಕಳಾದಾವೇ ಎಂದು ಬಹುಮಟ್ಟಿಗೆ ಅವನೂ ಕೇಳುವುದಿಲ್ಲ, ಡಾಕ್ಟರೂ ಎತ್ತುವುದಿಲ್ಲ. ಇದು ಬರೀ ಸಂಕೋಚವಲ್ಲ. ಜೀವ ಉಳಿಯಿತಲ್ಲ, ಇನ್ನೇನು ಬೇಕು ಎಂಬ ತೀರ್ಪು ಆ ಮೌನದಲ್ಲಿದೆ.

ಆ ತೀರ್ಪಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ಸ್ಪರ್ಶದಿಂದಾಗುವ ನಿಮಿರುವಿಕೆಯನ್ನು ಹುರಿಯ ಕೆಳತುದಿ ನಡೆಸುತ್ತದೆ, ನೋಟ ಕಲ್ಪನೆಗಳಿಂದಾಗುವುದನ್ನು ಅದಕ್ಕಿಂತ ಮೇಲಿನ ಭಾಗ. ಪೆಟ್ಟು ಬಿದ್ದ ಜಾಗ ನೋಡಿಕೊಂಡು ಒಂದು ಹೋದರೂ ಇನ್ನೊಂದು ಉಳಿದಿರಬಹುದು. ನಿಮಿರುವಿಕೆಗೆ ನೆರವಾಗುವ ಸಿಲ್ಡೆನಾಫಿಲ್ ಮಾತ್ರೆ 1998ರಿಂದ ಇದೆ. ತಾನಾಗಿ ಸ್ಖಲನವಾಗದವರಲ್ಲಿ ಅನೇಕರಿಂದ ಕಂಪನದ ಸಾಧನ ಬಳಸಿ ವೀರ್ಯ ಪಡೆಯಲು ಬರುತ್ತದೆ. ಅಪಾಯವೂ ಉಂಟು. ಎದೆಮಟ್ಟದಿಂದ ಮೇಲೆ ಪೆಟ್ಟಾದವರಿಗೆ ಸ್ಖಲನದ ಹೊತ್ತಿಗೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೆ ಕುತ್ತಾಗಬಹುದು. ಅದನ್ನು ಇಳಿಸಲು ಕೊಡುವ ನೈಟ್ರೇಟ್, ಸಿಲ್ಡೆನಾಫಿಲ್ ನುಂಗಿದವನಲ್ಲಿ ಒತ್ತಡವನ್ನು ಪಾತಾಳಕ್ಕಿಳಿಸುತ್ತದೆ. ಇಷ್ಟು ಗೊತ್ತಿದ್ದೂ ಬಾಯಿಬಿಡದ ವೈದ್ಯರು ಮರ್ಯಾದೆ ಕಾಪಾಡುತ್ತಿಲ್ಲ, ರೋಗಿಯನ್ನು ಮೆಡಿಕಲ್ ಶಾಪಿನ ಗುಟ್ಟಿನ ವ್ಯವಹಾರಕ್ಕೆ ದೂಡುತ್ತಿದ್ದಾರೆ.

ಆದರೆ ಅಡ್ಡಿ ಇರುವುದು ತಿಳಿವಳಿಕೆಯ ಕೊರತೆಯಲ್ಲಿ ಮಾತ್ರವಲ್ಲ, ನಮ್ಮ ಕಲ್ಪನೆಯಲ್ಲೂ. 1209ರ ಸುಮಾರಿಗೆ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು ಅಷ್ಟಾವಂಕನೆಂಬ ವಿಕಾರರೂಪದ ಮಾವುತನನ್ನು ಬಯಸುತ್ತಾಳೆ. ಅವನು ಅವಳನ್ನು ಹೊಡೆಯುವ ಕ್ರೂರಿಯೂ ಹೌದು, ಅವನನ್ನು ಸಮರ್ಥಿಸಬೇಕಾಗಿಲ್ಲ. ನನ್ನನ್ನು ಕಾಡುವುದು ಓದುಗರಾದ ನಮ್ಮ ಬೆರಗು. ಸುಂದರನಾದ ರಾಜನಿರುವಾಗ ಇಂಥವನೇ ಎಂಬಲ್ಲಿಗೆ ನಮ್ಮ ವಿಚಾರ ನಿಂತುಬಿಡುತ್ತದೆ, ವಿಧಿಯ ಮೇಲೋ ಹೆಣ್ಣಿನ ಚಪಲದ ಮೇಲೋ ಭಾರ ಹಾಕುತ್ತೇವೆ. ಸೊಟ್ಟ ಮೈಯವನ ದನಿಯಲ್ಲೇ ಸೆಳೆತವಿರಬಹುದೆಂದು ಒಪ್ಪಲು ಇಂದಿಗೂ ನಮಗೆ ಕಷ್ಟ.

ಹಾಗಾದರೆ ಅಂಗವಿಕಲ ಗಂಡಸಿಗೆ ಕಾಮದ ಹಕ್ಕಿದೆ ಎಂದರೆ, ಆ ಹಕ್ಕು ಯಾರ ಮೇಲೆ? ಯಾವ ಹೆಣ್ಣಿನ ಮೇಲೂ ಅಲ್ಲ, ಯಾರ ಮೇಲೂ ಅಲ್ಲ. ಇದರಲ್ಲಿ ರಾಜಿಯಿಲ್ಲ. ನಮ್ಮ ಮನೆಗಳು ಇದನ್ನು ತಿರುಗುಮುರುಗು ಮಾಡಿವೆ. ನೋಡಿಕೊಳ್ಳಲು ಒಬ್ಬಳು ಬೇಕೆಂದು ಬಡವರ ಮನೆಯ ಹುಡುಗಿಯನ್ನು ತರುತ್ತಾರೆ. ಅಲ್ಲಿಗೆ ಅವನು ರೋಗಿ, ಅವಳು ದಾದಿ. ಇಬ್ಬರ ಆಸೆಯೂ ಲೆಕ್ಕಕ್ಕಿಲ್ಲ. ಅಂಗವಿಕಲರನ್ನು ಮದುವೆಯಾಗುವವರಿಗೆ ಕರ್ನಾಟಕ ಸರ್ಕಾರ 50 ಸಾವಿರ ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಉದ್ದೇಶ ಒಳ್ಳೆಯದೇ, ಆದರೂ ಬೆಳೆನಷ್ಟಕ್ಕೆ ಕೊಡುವ ಪರಿಹಾರದಂತೆ ಅದು ನನಗೆ ಕಾಣುತ್ತದೆ.

ಬಯಸಲ್ಪಡುವುದನ್ನು ಯಾವ ಕಾನೂನೂ ಕೊಡಿಸಲಾರದು. ಬಯಸಲು, ಬಯಕೆ ಹೇಳಿಕೊಳ್ಳಲು, ಇಲ್ಲವೆನ್ನಿಸಿಕೊಳ್ಳಲು ಬೇಕಾದ ನೆಲೆಯನ್ನು ಕೊಡಿಸಬಹುದು. ಸಂತಾನ, ಕುಟುಂಬ ಯೋಜನೆಗಳ ಬಗ್ಗೆ ಅಂಗವಿಕಲರಿಗೆ ಮಾಹಿತಿ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆಯೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಮು ಹೇಳುತ್ತದೆ. ಆ ಮಾಹಿತಿ ಅಂಧನಿಗೆ ಬ್ರೈಲ್‌ನಲ್ಲಿ, ಕಿವುಡನಿಗೆ ಸನ್ನೆಭಾಷೆಯಲ್ಲಿ, ಬುದ್ಧಿಮಾಂದ್ಯ ಯುವಕನಿಗೆ ಸರಳ ಚಿತ್ರಗಳಲ್ಲಿ ಸಿಗಬೇಕು. ತನ್ನ ಮೈ ಎಲ್ಲಿಯವರೆಗೆ ತನ್ನದು, ಇನ್ನೊಬ್ಬರ ಒಪ್ಪಿಗೆ ಎಂದರೇನು ಎಂಬುದನ್ನು ಕಲಿಸದೆ ಬಿಟ್ಟು, ಆಮೇಲೆ ಅವನನ್ನು ಅಪಾಯಕಾರಿ ಎನ್ನುವುದು ಅನ್ಯಾಯ. ಗಾಲಿಕುರ್ಚಿಯವನನ್ನು ಆರೈಕೆಗೆ ಅನುಕೂಲವೆಂದು ಹಜಾರದಲ್ಲಿ ಮಲಗಿಸುವ ಮನೆಗಳೂ, ಹತ್ತು ಮಂಚಕ್ಕೊಂದು ಕೋಣೆಯಿಡುವ ಆಶ್ರಮಗಳೂ ಅವನಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಬಾಗಿಲನ್ನು ಕೊಡಬೇಕು.